ಮಲೇಷ್ಯಾದಲ್ಲಿ ಮುಸ್ಲಿಂ ಹುಡುಗನನ್ನು ಮದುವೆಯಾದರೆ ಹಿಂದೂ ಆಗಿಯೇ ಉಳಿಯಬಹುದೇ?

ಪ್ರಶ್ನೆ: ನನ್ನ ತಂಗಿ ಕ್ವಾಲಾಲಂಪುರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅಲ್ಲಿಯ ಮಲಯ ಮುಸ್ಲಿಂ ಸಹೋದ್ಯೋಗಿಯನ್ನು ಮದುವೆಯಾಗುವ ಯೋಚನೆಯಲ್ಲಿದ್ದಾಳೆ. "ಇಲ್ಲಿ ದೇವಸ್ಥಾನಕ್ಕೆ ಹೋಗಲು ಯಾರ ಅಡ್ಡಿಯೂ ಇಲ್ಲ, ಮತಾಂತರ ಅನ್ನುವುದು ಬರೀ ಕಾಗದದ ಕೆಲಸ" ಎನ್ನುತ್ತಾಳೆ. ಮದುವೆಗೆ ನಮ್ಮ ವಿರೋಧವಿಲ್ಲ. ಆದರೆ ಇಂದಿರಾ ಗಾಂಧಿ ಎಂಬ ಮಲೇಷ್ಯಾದ ಹಿಂದೂ ತಾಯಿಯ ಮಕ್ಕಳ ವಿಷಯ ಓದಿ ಗಾಬರಿಯಾಗಿದೆ. ಆ ದೇಶದಲ್ಲಿ ಧರ್ಮಸ್ವಾತಂತ್ರ್ಯ ಇದೆಯೋ ಇಲ್ಲವೋ? ಅವಳು ಹಿಂದೂ ಆಗಿಯೇ ಉಳಿದು ಮದುವೆಯಾಗಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಮಲೇಷ್ಯಾದೊಳಗೆ ಆಗುವುದಿಲ್ಲ. ಇನ್ನು ಮತಾಂತರ ಬರೀ ಕಾಗದದ ಕೆಲಸ ಎಂಬ ಮಾತು. ಅದು ಕಾಗದವೇ ನಿಜ, ಆದರೆ ನಿಮ್ಮ ತಂಗಿಯ ಮದುವೆ, ವಿಚ್ಛೇದನ, ಮಕ್ಕಳು, ಆಸ್ತಿ ಮತ್ತು ಅಂತ್ಯಸಂಸ್ಕಾರವನ್ನು ಯಾವ ನ್ಯಾಯಾಲಯ ತೀರ್ಮಾನಿಸುತ್ತದೆ ಎಂಬುದನ್ನು ಅದೊಂದೇ ಕಾಗದ ನಿರ್ಧರಿಸುತ್ತದೆ.

ದೇವಸ್ಥಾನದ ವಿಷಯದಲ್ಲಿ ಅವಳು ಹೇಳುವುದು ಸುಳ್ಳಲ್ಲ. 2020ರ ಜನಗಣತಿಯಂತೆ ಮಲೇಷ್ಯಾದಲ್ಲಿ ಮುಸ್ಲಿಮರು ಶೇ 63.5, ಬೌದ್ಧರು ಶೇ 18.7, ಕ್ರೈಸ್ತರು ಶೇ 9.1, ಹಿಂದೂಗಳು ಶೇ 6.1. ಸಂವಿಧಾನದ 3ನೇ ವಿಧಿ ಇಸ್ಲಾಂ ಒಕ್ಕೂಟದ ಧರ್ಮ ಎಂದು ಹೇಳಿ, ಅದೇ ಉಸಿರಿನಲ್ಲಿ ಇತರ ಧರ್ಮಗಳನ್ನು ಶಾಂತಿ ಸೌಹಾರ್ದದಿಂದ ಆಚರಿಸಬಹುದು ಎನ್ನುತ್ತದೆ. 11ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ಕ್ವಾಲಾಲಂಪುರದ ಮಹಾಮಾರಿಯಮ್ಮನ್ ದೇವಸ್ಥಾನ 1873ರಿಂದ ಇದೆ. ಬತು ಗುಹೆಯ ತೈಪೂಸಂ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಹಲವು ರಾಜ್ಯಗಳಲ್ಲಿ ಅಂದು ಸರ್ಕಾರಿ ರಜೆ. ದೇವಸ್ಥಾನಗಳಿಗೆ ತೊಂದರೆ ಬರುವುದು ಹೆಚ್ಚಾಗಿ ಜಮೀನಿನ ವಿಷಯದಲ್ಲಿ. ಬ್ರಿಟಿಷರ ಕಾಲದ ರಬ್ಬರ್ ತೋಟಗಳಲ್ಲಿ ಕೂಲಿಯಾಳುಗಳು ಕಟ್ಟಿಕೊಂಡ ಎಷ್ಟೋ ಗುಡಿಗಳಿಗೆ ಜಾಗದ ಹಕ್ಕುಪತ್ರವೇ ಇಲ್ಲ. ತೋಟ ಮಾರಾಟವಾಗಿ ಬಡಾವಣೆ ಏಳುವಾಗ ಗುಡಿ ಒತ್ತುವರಿ ಎನಿಸಿಕೊಳ್ಳುತ್ತದೆ. ಇದು ಬೇರೆಯದೇ ದೊಡ್ಡ ವಿಷಯ. ನಿಮ್ಮ ತಂಗಿಗೆ ಸಂಬಂಧಿಸಿದ್ದಲ್ಲ.

ಅವಳಿಗೆ ಸಂಬಂಧಿಸಿದ್ದು ಎರಡು ಕಟ್ಟಳೆಗಳು. ಒಂದು, 11ನೇ ವಿಧಿಯ 4ನೇ ಉಪವಿಧಿ. ಮುಸ್ಲಿಮರ ನಡುವೆ ಬೇರೆ ಧರ್ಮದ ಪ್ರಚಾರವನ್ನು ನಿರ್ಬಂಧಿಸುವ ಕಾನೂನು ಮಾಡಲು ರಾಜ್ಯಗಳಿಗೆ ಇದು ಅಧಿಕಾರ ಕೊಡುತ್ತದೆ. ಪೆನಾಂಗ್, ಸಬಾ, ಸರವಾಕ್ ಮತ್ತು ಕ್ವಾಲಾಲಂಪುರ ಸೇರಿದ ಒಕ್ಕೂಟ ಪ್ರದೇಶಗಳನ್ನು ಬಿಟ್ಟರೆ ಉಳಿದ ರಾಜ್ಯಗಳಲ್ಲಿ ಇಂಥ ಕಾನೂನಿದೆ. ಸೆಲಂಗೊರ್ ರಾಜ್ಯದ 1988ರ ಕಾನೂನಿನಲ್ಲಿ, ಕೇಳದ ಮುಸ್ಲಿಮರಿಗೆ ಬೇರೆ ಧರ್ಮದ ಪುಸ್ತಕ ಕಳಿಸುವುದೂ ಅಪರಾಧ. ಕ್ವಾಲಾಲಂಪುರದಲ್ಲಿ ಕೆಲಸ ಮಾಡುವ ನಮ್ಮವರಲ್ಲಿ ಬಹಳ ಮಂದಿ ಮನೆ ಮಾಡುವುದು ಸೆಲಂಗೊರ್ ಗಡಿಯೊಳಗೆ. ಮಲಯ ಸ್ನೇಹಿತರಿಗೆ ಪ್ರೀತಿಯಿಂದ ಗೀತೆಯ ಪ್ರತಿ ಕೊಡುವ ಮೊದಲು ಇದು ನೆನಪಿರಲಿ.

ಎರಡನೆಯದೇ ಮುಖ್ಯ. ಮುಸ್ಲಿಮರ ವೈಯಕ್ತಿಕ ಕಾನೂನು ಮಲೇಷ್ಯಾದಲ್ಲಿ ರಾಜ್ಯಗಳ ವಿಷಯ. ಅದಕ್ಕೆ ಷರಿಯಾ ನ್ಯಾಯಾಲಯಗಳಿವೆ, ಅವುಗಳ ಅಧಿಕಾರ ಮುಸ್ಲಿಮರ ಮೇಲೆ ಮಾತ್ರ. 1988ರಲ್ಲಿ ಸಂವಿಧಾನಕ್ಕೆ 121(1ಎ) ವಿಧಿಯನ್ನು ಸೇರಿಸಿ, ಷರಿಯಾ ನ್ಯಾಯಾಲಯದ ವ್ಯಾಪ್ತಿಯ ವಿಷಯದಲ್ಲಿ ಸಿವಿಲ್ ನ್ಯಾಯಾಲಯಗಳಿಗೆ ಅಧಿಕಾರವಿಲ್ಲ ಎಂದು ಬರೆದರು. ಇಬ್ಬರೂ ಮುಸ್ಲಿಮರಾದರೆ ತೊಡಕಿಲ್ಲ, ಇಬ್ಬರೂ ಅಲ್ಲದಿದ್ದರೂ ತೊಡಕಿಲ್ಲ. ಗಂಡ ಮುಸ್ಲಿಂ, ಹೆಂಡತಿ ಅಲ್ಲ ಎಂದಾದಾಗ ಕಗ್ಗಂಟು. ಷರಿಯಾ ನ್ಯಾಯಾಲಯಕ್ಕೆ ಅವಳು ಹೋಗುವಂತಿಲ್ಲ. ಸಿವಿಲ್ ನ್ಯಾಯಾಲಯ "ಇದು ನಮ್ಮದಲ್ಲ" ಎನ್ನುತ್ತದೆ.

2005ರ ಡಿಸೆಂಬರಿನಲ್ಲಿ ಇದು ಎಲ್ಲರ ಕಣ್ಣೆದುರು ನಡೆಯಿತು. 1997ರ ಮಲೇಷ್ಯಾ ಎವರೆಸ್ಟ್ ತಂಡದಲ್ಲಿದ್ದ ಎಂ. ಮೂರ್ತಿ ತೀರಿಕೊಂಡಾಗ, ಅವರು ಮೊದಲೇ ಇಸ್ಲಾಂ ಸ್ವೀಕರಿಸಿದ್ದರು ಎಂದು ಧಾರ್ಮಿಕ ಇಲಾಖೆ ಶವವನ್ನು ಕೇಳಿತು. ಹೆಂಡತಿಗೆ ಅಂಥ ಸಂಗತಿಯೇ ಗೊತ್ತಿರಲಿಲ್ಲ. ಅವರು ಮುಸ್ಲಿಂ ಎಂದು ಷರಿಯಾ ನ್ಯಾಯಾಲಯ ಘೋಷಿಸಿತು, ಆ ವಿಚಾರಣೆಯಲ್ಲಿ ಹೆಂಡತಿಗೆ ಮಾತಾಡುವ ಅವಕಾಶವಿಲ್ಲ. ಆ ಘೋಷಣೆಯನ್ನು ಪ್ರಶ್ನಿಸಲು ತನಗೆ ಅಧಿಕಾರವಿಲ್ಲ ಎಂದಿತು ಹೈಕೋರ್ಟ್. ಮೂರ್ತಿಯವರನ್ನು ಮುಸ್ಲಿಂ ವಿಧಿಯಂತೆ ಹೂಳಲಾಯಿತು.

ಈಗ ಮದುವೆಯ ವಿಷಯ. ಮುಸ್ಲಿಮೇತರರ ಮದುವೆಗೆ 1976ರ ವಿವಾಹ ಮತ್ತು ವಿಚ್ಛೇದನ ಕಾಯ್ದೆ ಇದೆ. ಜೋಡಿಯಲ್ಲಿ ಒಬ್ಬರು ಮುಸ್ಲಿಮರಾದರೂ ಆ ಕಾಯ್ದೆಯಡಿ ನೋಂದಣಿ ಆಗುವುದಿಲ್ಲ ಎಂದು ಅದರ 3ನೇ ಕಲಮಿನಲ್ಲೇ ಇದೆ. ನಮ್ಮ ವಿಶೇಷ ವಿವಾಹ ಕಾಯ್ದೆಯಂಥದ್ದು ಅಲ್ಲಿಲ್ಲ. ಉಳಿಯುವುದು ಇಸ್ಲಾಮಿಕ್ ಕುಟುಂಬ ಕಾನೂನು. ಕ್ವಾಲಾಲಂಪುರಕ್ಕೆ ಅನ್ವಯಿಸುವ 1984ರ ಕಾಯ್ದೆಯ 10ನೇ ಕಲಂ ಪ್ರಕಾರ ಮುಸ್ಲಿಂ ಹೆಣ್ಣು ಮುಸ್ಲಿಮೇತರನನ್ನು ಮದುವೆಯಾಗುವಂತಿಲ್ಲ. ಮುಸ್ಲಿಂ ಗಂಡಿಗೆ 'ಕಿತಾಬಿಯ' ಎಂದರೆ ಕ್ರೈಸ್ತ ಅಥವಾ ಯಹೂದಿ ಹೆಣ್ಣಿನ ವಿನಾಯಿತಿ ಇದೆ, ಆದರೆ ಕಾಯ್ದೆಯೇ ಕೊಟ್ಟಿರುವ ವ್ಯಾಖ್ಯೆ ಎಷ್ಟು ಬಿಗಿ ಎಂದರೆ ಕ್ರೈಸ್ತಳಾದರೆ ಅವಳ ಪೂರ್ವಜರು ಪ್ರವಾದಿ ಮುಹಮ್ಮದರ ಕಾಲಕ್ಕೂ ಮೊದಲೇ ಕ್ರೈಸ್ತರಾಗಿರಬೇಕು. ಹಿಂದೂ ಹೆಣ್ಣಿಗೆ ಆ ವಿನಾಯಿತಿಯೂ ಇಲ್ಲ. ಹಾಗಾಗಿ ಮೊದಲು ಮತಾಂತರ, ಆಮೇಲೆ ನಿಕಾಹ್.

ಮತಾಂತರ ನೋಡಲು ಬಹಳ ಸರಳ. ಒಕ್ಕೂಟ ಪ್ರದೇಶಗಳ 1993ರ ಇಸ್ಲಾಮಿಕ್ ಆಡಳಿತ ಕಾಯ್ದೆ ಕೇಳುವುದು ಮೂರು: ಅರ್ಥವಾಗುವಂಥ ಅರಬ್ಬಿಯಲ್ಲಿ ಶಹಾದತ್‌ನ ಎರಡು ವಾಕ್ಯ, ಅಂದರೆ ಇಸ್ಲಾಂ ನಂಬಿಕೆಯ ಘೋಷಣೆ, ಹೇಳಬೇಕು, ಹೇಳುವಾಗ ಅದರ ಅರ್ಥ ಗೊತ್ತಿರಬೇಕು, ಸ್ವಇಚ್ಛೆಯಿಂದ ಹೇಳಬೇಕು. ಹೇಳಿ ಮುಗಿಸಿದ ಕ್ಷಣಕ್ಕೇ ಕಾನೂನಿನ ಕಣ್ಣಿಗೆ ಆಕೆ ಮುಸ್ಲಿಂ. ಆಮೇಲೆ ಹೆಸರು ಮತಾಂತರಿತರ ದಫ್ತರಕ್ಕೆ ಹೋಗುತ್ತದೆ, ಪ್ರಮಾಣಪತ್ರ ಸಿಗುತ್ತದೆ. ನಿಮ್ಮ ತಂಗಿ ಭಾರತೀಯ ಪ್ರಜೆಯಾದ್ದರಿಂದ ಅಲ್ಲಿನ ಪ್ರಜೆಗಳ ಮೈಕಾಡ್ ಗುರುತಿನ ಚೀಟಿ ಅವಳಿಗೆ ಇರುವುದಿಲ್ಲ, ಚೀಟಿಯ ಮೇಲೆ 'ಇಸ್ಲಾಂ' ಎಂದು ಅಚ್ಚಾಗುವುದೂ ಇಲ್ಲ. "ಕಾಗದದ ಮೇಲೆ ಮಾತ್ರ" ಎಂದು ಅವಳಿಗೆ ಅನ್ನಿಸಿರುವುದು ಬಹುಶಃ ಇದರಿಂದಲೇ. ಆದರೆ ಲೆಕ್ಕಕ್ಕೆ ಬರುವುದು ಚೀಟಿಯಲ್ಲ, ದಫ್ತರ. ತಂದೆಯ ಹೆಸರಿನ ಜಾಗದಲ್ಲಿ 'ಬಿಂತಿ ಅಬ್ದುಲ್ಲಾ' ಎಂದು ಬರೆಯುವುದು ರೂಢಿಯಷ್ಟೇ, ಕಾನೂನಿನ ಕಡ್ಡಾಯವಲ್ಲ. ಬೇಡ ಎಂದು ಆಗಲೇ ಹೇಳಬಹುದು. ಇನ್ನೊಂದು ಸಂಗತಿಯನ್ನು ಮನೆಯ ಹಿರಿಯರಿಗೆ ಮೊದಲೇ ತಿಳಿಸಿಡಿ. ನಿಕಾಹ್‌ನಲ್ಲಿ ಹೆಣ್ಣಿನ ಪರವಾಗಿ ವಲಿ, ಅಂದರೆ ಮದುವೆ ಮಾಡಿಕೊಡುವ ಪಾಲಕ ಬೇಕು, ಮುಸ್ಲಿಮೇತರ ತಂದೆ ಮಗಳಿಗೆ ವಲಿಯಾಗುವಂತಿಲ್ಲ. ಆ ಜಾಗದಲ್ಲಿ ಸರ್ಕಾರ ನೇಮಿಸಿದ 'ವಲಿ ಹಾಕಿಂ' ಕೂರುತ್ತಾರೆ. ಧಾರೆ ಎರೆಯುವ ಆಸೆಯಿಂದ ವಿಮಾನ ಹತ್ತುವ ತಂದೆ ಅಲ್ಲಿ ಬರೀ ಅತಿಥಿ.

ಮಕ್ಕಳ ವಿಷಯವನ್ನು ಅವಳು ಯೋಚಿಸಿರುವಂತೆ ಕಾಣುವುದಿಲ್ಲ. ಅದೇ 1993ರ ಕಾಯ್ದೆಯ ವ್ಯಾಖ್ಯೆಯಂತೆ, ಹುಟ್ಟುವಾಗ ತಂದೆ ತಾಯಿಯರಲ್ಲಿ ಒಬ್ಬರು ಮುಸ್ಲಿಮರಾಗಿದ್ದರೂ ಮಗು ಮುಸ್ಲಿಂ. ಮುಂದೆ ಮಗು ದೊಡ್ಡದಾಗಿ ತನ್ನ ದಾರಿ ತಾನೇ ಆರಿಸಿಕೊಳ್ಳಲಿ ಎಂದು ಅಪ್ಪ ಅಮ್ಮ ಮಾತಾಡಿಕೊಂಡಿದ್ದರೂ ಕಾನೂನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಂದೆ ಮಲೇಷ್ಯಾ ಪ್ರಜೆಯಾಗಿ ಮಗುವೂ ಪ್ರಜೆಯಾದರೆ 12ನೇ ವಯಸ್ಸಿಗೆ ಬರುವ ಮೈಕಾಡ್‌ನಲ್ಲಿ 'ಇಸ್ಲಾಂ' ಎಂದು ಅಚ್ಚಾಗಿರುತ್ತದೆ. ವಿಚ್ಛೇದನವಾದರೆ ಪಾಲನೆಯ ಮೊದಲ ಹಕ್ಕು ತಾಯಿಗೇ ಇದೆ: ಗಂಡುಮಗುವಿಗೆ 7 ವರ್ಷ, ಹೆಣ್ಣುಮಗುವಿಗೆ 9 ವರ್ಷ ತುಂಬುವವರೆಗೆ, ನ್ಯಾಯಾಲಯ ಒಪ್ಪಿದರೆ 9 ಮತ್ತು 11ರವರೆಗೆ. ಆದರೆ 1984ರ ಕಾಯ್ದೆಯ 83ನೇ ಕಲಂ ಆ ಹಕ್ಕು ಯಾವಾಗ ತಪ್ಪುತ್ತದೆ ಎಂದು ಪಟ್ಟಿ ಮಾಡಿದೆ. ಮಗುವನ್ನು ನಿರ್ಲಕ್ಷಿಸಿದರೆ ತಪ್ಪುತ್ತದೆ, ಹೊರಗಿನವನನ್ನು ಮರುಮದುವೆಯಾಗಿ ಅದರಿಂದ ಮಗುವಿನ ಹಿತಕ್ಕೆ ಧಕ್ಕೆಯಾದರೆ ತಪ್ಪುತ್ತದೆ, ಇಸ್ಲಾಂ ತ್ಯಜಿಸಿದರೂ ತಪ್ಪುತ್ತದೆ. ಅಂದರೆ ಸಂಸಾರ ಮುರಿದ ಮೇಲೆ "ನಾನು ನನ್ನ ಧರ್ಮಕ್ಕೆ ಮರಳುತ್ತೇನೆ" ಎಂದು ಬಾಯಿಬಿಟ್ಟ ದಿನವೇ ಮಗುವಿನ ಮೇಲಿನ ಹಕ್ಕಿಗೂ ಸಂಚಕಾರ. ಈ ಒಂದು ಕಲಮನ್ನಾದರೂ ಅವಳಿಗೆ ಓದಿಸಿ.

ನೀವು ಓದಿದ ಇಂದಿರಾ ಗಾಂಧಿ ಪ್ರಕರಣ ಇದಕ್ಕಿಂತ ಬೇರೆ. ಅಲ್ಲಿ ಇಬ್ಬರೂ ಹಿಂದೂಗಳಾಗಿ ಮದುವೆಯಾಗಿದ್ದವರು. 2009ರ ಮಾರ್ಚಿನಲ್ಲಿ ಗಂಡ ಇಸ್ಲಾಂ ಸ್ವೀಕರಿಸಿದ, ಮುಂದಿನ ತಿಂಗಳು ಹೆಂಡತಿಗೆ ತಿಳಿಸದೆ ಮೂವರು ಮಕ್ಕಳಿಗೂ ಮತಾಂತರದ ಪ್ರಮಾಣಪತ್ರ ಮಾಡಿಸಿದ. ಕೊನೆಯ ಮಗಳಿಗೆ ಆಗ 11 ತಿಂಗಳು. ಮಾತೇ ಬಾರದ ಕೂಸು ಶಹಾದತ್ ಹೇಳುವುದು ಹೇಗೆ? ಈ ಮತಾಂತರ ನಡೆದ ಪೆರಾಕ್ ರಾಜ್ಯದ ಕಾನೂನಿನಲ್ಲೂ ಮತಾಂತರವಾಗುವವರು ಸ್ವತಃ ಅದನ್ನು ಹೇಳಬೇಕು ಎಂದೇ ಇತ್ತು. 2013ರಲ್ಲಿ ಇಪೋ ಹೈಕೋರ್ಟ್ ಪ್ರಮಾಣಪತ್ರಗಳನ್ನು ರದ್ದುಮಾಡಿತು, 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು, 2018ರ ಜನವರಿ 29ರಂದು ದೇಶದ ಅತ್ಯುನ್ನತ ನ್ಯಾಯಾಲಯವಾದ ಫೆಡರಲ್ ಕೋರ್ಟ್ ಒಮ್ಮತದಿಂದ ತಾಯಿಯ ಪರ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಜೈನುನ್ ಅಲಿ ಬರೆದ ಆ ತೀರ್ಪಿನ ಸಾರ ಎರಡು. ಅಪ್ರಾಪ್ತ ಮಕ್ಕಳ ಮತಾಂತರಕ್ಕೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ಇಲಾಖೆಯ ಅಧಿಕಾರಿ ಕಾನೂನು ಮೀರಿ ನಡೆದಿದ್ದಾನೆಯೇ ಎಂದು ನೋಡುವ ಅಧಿಕಾರವನ್ನು 121(1ಎ) ಸಿವಿಲ್ ನ್ಯಾಯಾಲಯದಿಂದ ಕಿತ್ತುಕೊಂಡಿಲ್ಲ.

ತೀರ್ಪು ಬಂತು, ಮಗು ಬರಲಿಲ್ಲ. ಕೊನೆಯ ಮಗಳನ್ನು ಕರೆದುಕೊಂಡು ಹೋದ ತಂದೆಯ ಮೇಲೆ ಬಂಧನದ ವಾರಂಟ್ ಇತ್ತು, ಅದನ್ನು ಜಾರಿಮಾಡುವಂತೆ 2016ರಲ್ಲೇ ಫೆಡರಲ್ ಕೋರ್ಟ್ ಪೊಲೀಸ್ ಮುಖ್ಯಸ್ಥರಿಗೆ ಆದೇಶಿಸಿತ್ತು. 2018ರ ತೀರ್ಪಿನ ನಂತರವೂ ವರ್ಷಗಟ್ಟಲೆ ಆ ಹುಡುಗಿ ತಾಯಿಯ ಕೈಸೇರಲಿಲ್ಲ. ಇಬ್ಬರ ಒಪ್ಪಿಗೆ ಬೇಕೆಂದು 1976ರ ವಿವಾಹ ಕಾಯ್ದೆಯಲ್ಲೇ ಬರೆಯಲು ಹೊರಟಿದ್ದ 88ಎ ಕಲಮನ್ನು ಸರ್ಕಾರ 2017ರಲ್ಲಿ ಹಿಂತೆಗೆದುಕೊಂಡಿತು. ಪರಿಣಾಮವಾಗಿ ರಾಜ್ಯಗಳು ತಮ್ಮ ಹಾದಿ ಬಿಡಲಿಲ್ಲ. ಒಬ್ಬ ಪಾಲಕರ ಒಪ್ಪಿಗೆ ಸಾಕು ಎನ್ನುತ್ತಿದ್ದ ಪೆರ್ಲಿಸ್ ರಾಜ್ಯದ ತಿದ್ದುಪಡಿಯನ್ನು ಇನ್ನೊಬ್ಬ ಹಿಂದೂ ತಾಯಿ ಪ್ರಶ್ನಿಸಬೇಕಾಯಿತು. 2024ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಅಸಾಂವಿಧಾನಿಕ ಎಂದಿತು, ಮೇ ತಿಂಗಳಲ್ಲಿ ಫೆಡರಲ್ ಕೋರ್ಟ್ ಅದನ್ನು ಹಾಗೇ ಉಳಿಸಿತು. ಈ ತೀರ್ಪುಗಳು ನಿಮ್ಮ ತಂಗಿಯಂಥವರಿಗೆ ನೆರವಾಗುವುದಿಲ್ಲ ಎಂಬುದನ್ನು ಗಮನಿಸಿ. ಅವು ಹಿಂದೂಗಳಾಗಿ ಹುಟ್ಟಿದ ಮಕ್ಕಳ ಕುರಿತವು. ಮತಾಂತರವಾಗಿ ಮದುವೆಯಾದವಳ ಮಗು ಮುಸ್ಲಿಮಾಗಿಯೇ ಹುಟ್ಟುತ್ತದೆ.

ಇನ್ನು ವಾಪಸು ಬರುವ ದಾರಿ. ಒಕ್ಕೂಟ ಪ್ರದೇಶದ ಕಾಯ್ದೆಯಲ್ಲಿ ಸೇರುವ ವಿಧಾನ ಬರೆದಿದೆ, ಬಿಡುವ ವಿಧಾನ ಬರೆದಿಲ್ಲ. ಲೀನಾ ಜಾಯ್ ಎಂಬ ಮಲಯ ಮಹಿಳೆ 1998ರಲ್ಲಿ ಕ್ರೈಸ್ತ ದೀಕ್ಷೆ ಪಡೆದು, ಗುರುತಿನ ಚೀಟಿಯಿಂದ 'ಇಸ್ಲಾಂ' ತೆಗೆಯಿರಿ ಎಂದು ಕೇಳಿದರು. ಷರಿಯಾ ನ್ಯಾಯಾಲಯದ ಆದೇಶ ತನ್ನಿ ಎಂದಿತು ನೋಂದಣಿ ಇಲಾಖೆ. 2007ರ ಮೇ 30ರಂದು ಫೆಡರಲ್ ಕೋರ್ಟ್ 2-1ರಲ್ಲಿ ಇಲಾಖೆಯ ಮಾತನ್ನೇ ಎತ್ತಿಹಿಡಿಯಿತು. ಧರ್ಮ ಬಿಡಲು ಹಕ್ಕಿದೆ, ಆದರೆ ಆ ಧರ್ಮದ ನ್ಯಾಯಾಲಯವೇ ಅನುಮತಿಸಬೇಕು ಎಂಬ ಸ್ಥಿತಿ. ಆ ಅನುಮತಿ ಕೇಳಹೋದವರಿಗೆ ಏನಾಗುತ್ತದೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಲಕ್ಕಾದ ಕಾನೂನು 6 ತಿಂಗಳವರೆಗೆ 'ಮಾರ್ಗದರ್ಶನ' ಕೇಂದ್ರದಲ್ಲಿ ಇಡಲು ಅವಕಾಶ ಕೊಡುತ್ತದೆ. 2007ರಲ್ಲಿ ಹಿಂದೂ ಅಜ್ಜಿಯ ಮಡಿಲಲ್ಲಿ ಬೆಳೆದು ಹಿಂದೂವನ್ನೇ ಮದುವೆಯಾಗಿದ್ದ ತಾಯಿಯೊಬ್ಬಳನ್ನು ಸುಮಾರು 180 ದಿನ ಹೀಗೆ ಇರಿಸಿದ್ದರು, ಅವಳ ಹೆತ್ತವರು ಕಾಗದದಲ್ಲಿ ಮುಸ್ಲಿಮರಾಗಿದ್ದರು ಎಂಬ ಕಾರಣಕ್ಕೆ.

ಬಿಡುವ ವಿಧಾನವನ್ನು ಸ್ಪಷ್ಟವಾಗಿ ಬರೆದಿರುವುದು ನೆಗೆರಿ ಸೆಂಬಿಲಾನ್ ರಾಜ್ಯ. ಅದರ 2003ರ ಕಾನೂನಿನ 119ನೇ ಕಲಂ ಪ್ರಕಾರ ಷರಿಯಾ ಹೈಕೋರ್ಟಿಗೆ ಅಫಿಡವಿಟ್ ಸಹಿತ ಅರ್ಜಿ ಹಾಕಬೇಕು. ನ್ಯಾಯಾಧೀಶರು ಮೊದಲು ಪಶ್ಚಾತ್ತಾಪಕ್ಕೆ ಬುದ್ಧಿ ಹೇಳುತ್ತಾರೆ. ಒಪ್ಪದಿದ್ದರೆ 90 ದಿನ ಮುಂದೂಡಿ ಸಮಾಲೋಚನೆಗೆ ಕಳಿಸುತ್ತಾರೆ. ಆಮೇಲೂ ಪಟ್ಟು ಬಿಡದಿದ್ದರೆ ಒಂದು ವರ್ಷದವರೆಗೆ ಎಳೆಯಬಹುದು, ಕೊನೆಗೆ ಘೋಷಣೆ. ಪೆನಾಂಗ್‌ನಲ್ಲಿ 2008ರಲ್ಲಿ ಷರಿಯಾ ನ್ಯಾಯಾಲಯವೊಂದು ಮದುವೆಗಾಗಿ ಮತಾಂತರವಾಗಿದ್ದ ಚೀನೀ ಮೂಲದ ಮಹಿಳೆಗೆ ಬೌದ್ಧಧರ್ಮಕ್ಕೆ ಮರಳಲು ಬಿಟ್ಟಿತು, ಆಕೆ ಒಂದು ದಿನವೂ ಮುಸ್ಲಿಮಾಗಿ ಬದುಕಿರಲಿಲ್ಲ ಎಂಬುದನ್ನು ಮನಗಂಡು. ಇಂಥವು ಅಪರೂಪ. ಅದನ್ನು ನೆಚ್ಚಿಕೊಂಡು ಸಹಿ ಹಾಕುವಂತಿಲ್ಲ. 2021ರ ಫೆಬ್ರುವರಿಯಲ್ಲಿ ಫೆಡರಲ್ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ರೋಸ್ಲಿಜಾ ಪ್ರಕರಣದಲ್ಲಿ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು: "ನಾನು ಎಂದೂ ಮುಸ್ಲಿಮಳಾಗಿರಲೇ ಇಲ್ಲ" ಎನ್ನುವವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು, "ಈಗ ನಾನು ಮುಸ್ಲಿಮಳಲ್ಲ" ಎನ್ನುವವರು ಷರಿಯಾ ನ್ಯಾಯಾಲಯಕ್ಕೇ ಹೋಗಬೇಕು. ಸ್ವಇಚ್ಛೆಯಿಂದ ಮತಾಂತರವಾದವಳು ಎರಡನೆಯ ಗುಂಪಿಗೆ ಸೇರುತ್ತಾಳೆ.

ನಮ್ಮಲ್ಲಿ ಈ ಚರ್ಚೆ ಬಂದಾಗಲೆಲ್ಲ ಹಿಂದೂಗಳ ಕಷ್ಟದ ಮಾತಷ್ಟೇ ಕೇಳಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಮಲೇಷ್ಯಾದಲ್ಲಿ ಧರ್ಮದ ವಿಷಯದಲ್ಲಿ ಅತಿ ಕಡಿಮೆ ಸ್ವಾತಂತ್ರ್ಯ ಇರುವುದು ಮುಸ್ಲಿಮರಿಗೇ. ಸಂವಿಧಾನದ 160ನೇ ವಿಧಿ 'ಮಲಯ' ಎಂದರೆ ಯಾರು ಎಂದು ಹೇಳುವಾಗ ಇಸ್ಲಾಂ ಪಾಲಿಸುವುದನ್ನೂ ಸೇರಿಸಿಬಿಟ್ಟಿದೆ. ಹಾಗಾಗಿ ಧರ್ಮ ಬಿಟ್ಟವನು ಜನಾಂಗದಿಂದಲೂ ಹೊರಗಾಗುತ್ತಾನೆ. ಷಿಯಾ ಪಂಥವನ್ನು ದಾರಿತಪ್ಪಿದ್ದು ಎಂದು 1996ರ ಫತ್ವಾ ಘೋಷಿಸಿದೆ. ಮದುವೆಯಾಗದ ಗಂಡು ಹೆಣ್ಣು ಏಕಾಂತದಲ್ಲಿ ಸಿಕ್ಕಿಬಿದ್ದರೆ 'ಖಲ್ವತ್' ಅಪರಾಧ. ಒಕ್ಕೂಟ ಪ್ರದೇಶದಲ್ಲಿ ಅದಕ್ಕೆ 3,000 ರಿಂಗಿಟ್‌ವರೆಗೆ ದಂಡ, 2 ವರ್ಷದವರೆಗೆ ಜೈಲು, ಅಥವಾ ಎರಡೂ. ಷರಿಯಾ ಕಾನೂನಿನಡಿ ಶಿಕ್ಷೆಯಾಗುವುದು ಮುಸ್ಲಿಂ ಸಂಗಾತಿಗೆ ಮಾತ್ರ. ನಿಮ್ಮ ತಂಗಿ ಹಿಂದೂ ಆಗಿಯೇ ಅವನ ಜೊತೆ ಸಂಸಾರ ಹೂಡಿದರೆ ಕೇಸು ಬೀಳುವುದು ಹುಡುಗನ ಮೇಲೆ.

ಹಾಗಾದರೆ ಉಳಿದ ದಾರಿ? ಭಾರತಕ್ಕೆ ಬಂದು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬಹುದು, ಮತಾಂತರ ಬೇಕಿಲ್ಲ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು, ನೋಟಿಸಿನಿಂದ 30 ದಿನ ಕಳೆಯಬೇಕು. ಎರಡೂ ಸೇರಿ ಎರಡು ತಿಂಗಳು ಹಿಡಿಯಿರಿ. ರಜೆಯ ಲೆಕ್ಕ ತಪ್ಪುವುದು ಇಲ್ಲಿಯೇ, ಹದಿನೈದು ದಿನಕ್ಕೆಂದು ಬಂದವರು ಬರಿಗೈಲಿ ಹೋಗುತ್ತಾರೆ. ತಂಗಿ ಮೊದಲೇ ಬಂದು ಊರಲ್ಲಿದ್ದು ವಾಸದ ಷರತ್ತು ಮುಗಿಸುವುದು ಒಳ್ಳೆಯದು. ಈ ಮದುವೆ ಇಲ್ಲಿ ಪೂರ್ಣ ಸಿಂಧು. ಆದರೆ ಮಲೇಷ್ಯಾದ ಧಾರ್ಮಿಕ ಇಲಾಖೆಗೆ ಅದು ಮದುವೆಯೇ ಅಲ್ಲ, ಅಲ್ಲಿ ಒಟ್ಟಿಗೆ ಬಾಳಿದರೆ ಖಲ್ವತ್ ಭಯ ಹೋಗುವುದಿಲ್ಲ. ಅಂದರೆ ಈ ದಾರಿ ಹಿಡಿಯುವವರು ಬೆಂಗಳೂರಲ್ಲೋ ಸಿಂಗಪುರದಲ್ಲೋ ಬೇರೆಲ್ಲೋ ನೆಲೆಸುವ ತಯಾರಿಯಲ್ಲಿರಬೇಕು. ಹುಡುಗ ಕೆಲಸ ಬಿಟ್ಟು ಬರಲು ಸಿದ್ಧನಿದ್ದಾನೆಯೇ ಎಂಬ ಪ್ರಶ್ನೆಯನ್ನು ಅವಳು ಅವನಿಗೆ ಈಗಲೇ ಕೇಳಲಿ.

ಆಸ್ತಿಯ ವಿಷಯದಲ್ಲಿ ಕರ್ನಾಟಕದ ಮನೆಗಳಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಮತಾಂತರವಾದ ಮಗಳಿಗೆ ತಂದೆಯ ಆಸ್ತಿಯಲ್ಲಿ ಪಾಲಿಲ್ಲ ಎಂಬುದು ಸುಳ್ಳು. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಂ ಪ್ರಕಾರ ಮತಾಂತರದ ನಂತರ ಹುಟ್ಟಿದ ಅವಳ ಮಕ್ಕಳಿಗೆ ಹಿಂದೂ ಬಂಧುಗಳ ಆಸ್ತಿ ಬರುವುದಿಲ್ಲ, ವಾರಸುದಾರಿಕೆ ತೆರೆದುಕೊಳ್ಳುವ ಹೊತ್ತಿಗೆ ಆ ಮಕ್ಕಳು ಹಿಂದೂಗಳಾಗಿದ್ದರೆ ಹೊರತು. ಮೊಮ್ಮಕ್ಕಳಿಗೆ ಏನಾದರೂ ಕೊಡುವ ಮನಸ್ಸಿದ್ದರೆ ತಾತ ವಿಲ್ ಬರೆಯಬೇಕು. ವಿಶೇಷ ವಿವಾಹ ಕಾಯ್ದೆಯಡಿ ಹಿಂದೂ ಅಲ್ಲದವರನ್ನು ಮದುವೆಯಾದರೆ 19ನೇ ಕಲಂ ಅವಳನ್ನು ಅವಿಭಕ್ತ ಕುಟುಂಬದಿಂದ ಬೇರ್ಪಟ್ಟವಳು ಎಂದು ಎಣಿಸುತ್ತದೆ. ಪಾಲು ಹೋಗುವುದಿಲ್ಲ, ಒಟ್ಟು ಕುಟುಂಬದ ಸದಸ್ಯತ್ವ ಹೋಗುತ್ತದೆ. ಇನ್ನು ಮಲೇಷ್ಯಾದಲ್ಲಿ ಮುಸ್ಲಿಮಳಾಗಿ ಅವಳು ಗಳಿಸಿದ ಮನೆ, ಹಣ ಫರಾಯಿದ್ ಎಂಬ ಇಸ್ಲಾಮಿಕ್ ವಾರಸಾ ನಿಯಮದಂತೆ ಹಂಚಿಕೆಯಾಗುತ್ತದೆ. ಅದರಲ್ಲಿ ಹಿಂದೂ ತಂದೆ ತಾಯಿಗೆ ಪಾಲಿಲ್ಲ.

ಅವಳು ನಿಜವಾಗಿ ಇಸ್ಲಾಮನ್ನು ಒಪ್ಪಿ ಹೋಗುತ್ತಿದ್ದರೆ ನಾನು ಹೇಳಿದ ಬಹುಪಾಲು ಅವಳಿಗೆ ತೊಡಕೇ ಅಲ್ಲ, ಅದು ಅವಳ ಹಕ್ಕು. ತೊಡಕಾಗುವುದು ಮನಸ್ಸಿನಲ್ಲಿ ಹಿಂದೂ ಆಗಿಯೇ ಉಳಿದು ಸಹಿ ಮಾತ್ರ ಹಾಕುವವರಿಗೆ. ಯಾವುದೇ ಆದರೂ ಶಹಾದತ್ ಹೇಳುವ ದಿನಾಂಕ ಗೊತ್ತುಮಾಡುವ ಮೊದಲು ಯಾವ ರಾಜ್ಯದ ಇಲಾಖೆಯಲ್ಲಿ ಅದು ನಡೆಯುತ್ತದೆ ಎಂದು ಕೇಳಿ ತಿಳಿದು, ಆ ರಾಜ್ಯದ ಕಾನೂನಿನ ಪ್ರತಿಯನ್ನು ಹುಡುಗನ ಮನೆಯವರಿಗೂ ಇಲಾಖೆಗೂ ಸಂಬಂಧವಿಲ್ಲದ ಅಲ್ಲಿನ ವಕೀಲರೊಬ್ಬರ ಮುಂದಿಟ್ಟು ಮೂರು ಪ್ರಶ್ನೆ ಕೇಳಲಿ: ಬಿಡುವ ವಿಧಾನ ಇದರಲ್ಲಿದೆಯೇ, ಮಕ್ಕಳ ವ್ಯಾಖ್ಯೆ ಏನು, ಪಾಲನಾ ಹಕ್ಕು ಯಾವಾಗ ತಪ್ಪುತ್ತದೆ. ಸಿವಿಲ್ ಮತ್ತು ಷರಿಯಾ ಎರಡೂ ಕಡೆ ವಾದಿಸಲು ಪರವಾನಗಿ ಇರುವ ವಕೀಲರು ಕ್ವಾಲಾಲಂಪುರದಲ್ಲಿ ಸಿಗುತ್ತಾರೆ, ಹುಡುಕಿಕೊಂಡು ಅಂಥವರ ಬಳಿಯೇ ಹೋಗಲಿ.